ಬೂಟು ಕೊಳ್ಳುವ ಮಾತು

ಒಳಗೆ ಬೇಡ. ಇಲ್ಲೇ ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ಬಿಸಿಲಿಗೆ ಕಾದ ಕಲ್ಲು ಇನ್ನೂ ಬೆಚ್ಚಗಿದೆ, ಕೆಳಗಿಂದ ಸಮುದ್ರದ ಗಾಳಿಯೂ ಬರುತ್ತೆ. ಈ ಸಂಗತಿಯನ್ನು ನಾನು ಸೂರಿನ ಕೆಳಗೆ ಹೇಳುವವಳಲ್ಲ. ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತೆ.

ಎದುರಿನ ಕಟ್ಟಡದ ಮೂರನೇ ಮಹಡಿ ಕಾಣ್ತಾ ಇದೆಯಲ್ಲ, ಹಸಿರು ಕಿಟಕಿ ಬಾಗಿಲಿನದು... ಬೆರಳು ತೋರಿಸಬೇಡ್ರೋ! ಸುಮ್ಮನೆ ನೋಡಿ. ಅದು ನಮ್ಮ ಚಿಕ್ಕಪ್ಪನ ಮಗ ಸಬಾತಿನೊನ ಮನೆ. ಆಗಿತ್ತು. ಈಗ ಅಲ್ಲಿಗೆ ವಾರಕ್ಕೊಬ್ಬರು ಬರ್ತಾರೆ. ಚಕ್ರದ ಪೆಟ್ಟಿಗೆ ಎಳೆದುಕೊಂಡು, ಈ ಕರಿಕಲ್ಲಿನ ಮೇಲೆ ಗಡಗಡಗಡ... ಹೊತ್ತಿಲ್ಲ ಗೊತ್ತಿಲ್ಲ. ನೇಪಲ್ಸಿನ ಸಮುದ್ರದ ಪಕ್ಕದ ಹಳೇ ಕೇರಿ, ಎಷ್ಟು ಚೆಂದ ಅಂತ ನಾವು ಒಣಹಾಕಿದ ಬಟ್ಟೆಯ ಫೋಟೋ ತೆಗೀತಾರೆ. ನನ್ನ ಒಳಲಂಗ ಯಾವ ಯಾವ ದೇಶ ಸುತ್ತಿದೆಯೋ ದೇವರೇ ಬಲ್ಲ. ಅವರನ್ನ ಕಂಡರೆ ನನಗಾಗೋದಿಲ್ಲ, ಅದರಲ್ಲಿ ಮುಚ್ಚುಮರೆ ಏನು ಬಂತು. ಆದರೆ ಆ ಮೂರನೇ ಮಹಡಿಯಲ್ಲಿ ಮಲಗೋರನ್ನ ಕಂಡಾಗ ಮಾತ್ರ ಒಂದಿಷ್ಟು ಅಯ್ಯೋ ಅನ್ನಿಸುತ್ತೆ.

ಸಬಾತಿನೊ ದ್ವೀಪಗಳಿಗೆ ಹೋಗಿಬರುವ ಹಡಗಿನಲ್ಲಿ ಹಗ್ಗದವನು. ಹಡಗು ದಡ ಮುಟ್ಟುವಾಗ ಹಗ್ಗ ಎಸೆದು ಕಟ್ಟುವುದು ಅವನ ಕೆಲಸ. ಅವನು ಗಂಟು ಹಾಕಿದ ಅಂದರೆ ಬಿರುಗಾಳಿಗೂ ಬಿಚ್ಚೋದಿಲ್ಲ. ಕೈಗೆ ಅದೇ ರೂಢಿಯಾಗಿ ಬೂಟಿನ ಲೇಸಿಗೂ ಅದೇ ಗಂಟು ಹಾಕೋನು. ಸಂಜೆಯಾದರೆ ಅವನ ಹೆಂಡತಿ ಫೊರ್ತೂನಾ ಕತ್ತರಿ ಹಿಡಿದು ಕಾಯೋಳು. ನಾನು ಇಲ್ಲೇ ಮೇಲಿರೋ ನಮ್ಮ ಬಾಲ್ಕನಿಯಿಂದ ಕೂಗೋಳು, "ಏನೇ, ನಿನ್ನ ಗಂಡನ ಸಂಬಳ ಪೂರಾ ಲೇಸಿಗೇ ಹೋಗುತ್ತಲ್ಲೇ!" ಅಂತ. ಬೀದಿ ಅಷ್ಟೇ ಅಗಲ ನೋಡಿ. ಕೈ ಚಾಚಿದರೆ ಉಪ್ಪು ಕೊಡಬಹುದು.

ಅವತ್ತು ರಾತ್ರಿ ಕೊನೆಯ ಹಡಗು ಕಟ್ಟಿ ಅವನು ಒಬ್ಬನೇ ಮೇಲೆ ಬಂದ. ಬೇಸಿಗೆ. ಕೇರಿಯಲ್ಲಿ ಟಿ.ವಿ.ಗಳೂ ಮಲಗಿದ್ದವು. ಬೂಟು ಕಲ್ಲಿನ ಮೇಲೆ ಟಕ್... ಟಕ್... ಗೇಟು ತಳ್ಳಿದ. ಕಿಂಯ್ಯ್... ಅಂಗಳದ ನಡುವೆ ಬಾವಿ. ಬಾವಿ ಅನ್ನೋದು ಹೆಸರಿಗಷ್ಟೇ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಕಾಲರಾ ಬಂದಾಗ ಮುಚ್ಚಿಸಿದ್ದು. ಮೇಲೆ ಕಲ್ಲು ಚಪ್ಪಡಿ, ಚಪ್ಪಡಿಯ ನಡುವೆ ಮುಷ್ಟಿಯಷ್ಟು ತೂತು. ಆ ಚಪ್ಪಡಿಯ ಮೇಲೆ, ಕತ್ತಲಲ್ಲಿ, ಯಾರೋ ಕೂತಿದ್ದರು.

"ಬಂದ್ಯಾ?"

"ಹೂಂ."

ಫೊರ್ತೂನಾ. ಇಬ್ಬರ ದನಿಯೂ ಉಸಿರಿಗಿಂತ ಮೇಲಿಲ್ಲ.

"ಬಂದರಿಗೆ ಬಂದಿದ್ನಾ ಆ ಮನುಷ್ಯ?"

"ಬಂದಿದ್ದ. ಒಪ್ಪಿದ."

"ಯಾವಾಗಂತೆ?"

"ಸರಪಳಿ ಮಾತೆ ಚರ್ಚಿನ ಹಬ್ಬ ಆದ್ಮೇಲೆ. ಆಗ ಬೂಟು ಕೊಳ್ಳೋಣ."

ಅವಳು ಅವನ ಕೈ ತಗೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಎರಡು ಜೊತೆ ಸಾಲಲ್ಲ. ಮೂರು ಜೊತೆ ಬೂಟು ಬೇಕು."

ಅಷ್ಟರಲ್ಲಿ ಕೆಳಗಿನಿಂದ, ತೂತಿನೊಳಗಿಂದ... ಟಿಣ್. ತಗಡಿನ ಲೋಟಕ್ಕೆ ಚಮಚ ತಗುಲಿದ ಹಾಗೆ.

"ಏನದು?"

"ಇಲಿ ಇರಬೇಕು."

"ಇಲಿಗೆ ಚಮಚ ಯಾಕೋ?"

"ಸುಮ್ನಿರು. ನಡಿ ಮೇಲೆ."

ಮೇಲೆ ಸ್ವಂತ ಮನೆ ಇಟ್ಟುಕೊಂಡು ಗಂಡ ಹೆಂಡತಿ ಬಾವಿಕಟ್ಟೆಯಲ್ಲಿ ಪಿಸುಗುಟ್ಟುವುದೇನು ಅಂತ ಬೇರೆ ಊರಿನವರು ಕೇಳಬಹುದು. ನೇಪಲ್ಸಿನವರು ಕೇಳೋದಿಲ್ಲ. ಮನೆ ಬಿಡುವ ಮಾತನ್ನ ಮನೆಯೊಳಗೆ ಆಡಬಾರದು. ಮನೆಗೊಬ್ಬಾಕೆ ಇರ್ತಾಳೆ. ನಾವು ಆಕೆಯನ್ನ ಚೆಲುವೆ ಅಂತೀವಿ, ಹಾಗಂದರೆ ಸಿಟ್ಟು ಇಳಿದಿರಲಿ ಅಂತ. ಹೊರಗಿನಿಂದ ಬಂದವರು 'ಬಂದೆ ಕಣಮ್ಮ ಚೆಲುವೆ' ಅಂದೇ ಒಳಗೆ ಕಾಲಿಡಬೇಕು. ಆಕೆಗೆ ಅಂತ ಒಂದು ಖಾಲಿ ಕುರ್ಚಿ. ಇರೋರಿಗೆ ಆಕೆ ತಾಯಿ. ಬಿಟ್ಟು ಹೋಗೋರಿಗೆ... "ಆಕೆ ಕಿವಿಗೆ ಬಿದ್ದರೆ ಒಬ್ಬರನ್ನ ಇಟ್ಕೊಂಡು ಮಿಕ್ಕೋರನ್ನ ಕಳಿಸ್ತಾಳೆ" ಅಂತಿದ್ದಳು ನಮ್ಮ ಸೋದರತ್ತೆ ರಕೇಲಾ. ಆ ಮನೆ ಅವಳದೇ. ಸತ್ತಮೇಲೆ ಸಬಾತಿನೊಗೆ ಬಂತು. ಕುರ್ಚಿ ಅಡುಗೆಮನೆಯಲ್ಲಿ, ಗೋಡೆಗೆ ಒತ್ತಿದ ದೊಡ್ಡ ಬೀರುವಿನ ಪಕ್ಕದಲ್ಲಿ ಇತ್ತು. ಆ ಕುರ್ಚಿ ಯಾಕೆ ಅಲ್ಲೇ, ಕಿಟಕಿ ಹತ್ತಿರ ಯಾಕಿಲ್ಲ ಅಂತ ನಾವ್ಯಾರೂ ಕೇಳಿರಲಿಲ್ಲ.

ಅದಕ್ಕೇ ಆ ಗುಟ್ಟಿನ ಮಾತು. ಮನೆ ಬಿಡೋದು ಅನ್ನೋ ಬದಲು ಬೂಟು ಕೊಳ್ಳೋದು. ಬಾವಿಕಟ್ಟೆಯಲ್ಲೂ ಅದೇ ಅನ್ನೋರು, ಅಷ್ಟು ಭಯ. ಕೇರಿಗೆಲ್ಲ ಗೊತ್ತಿತ್ತು ಬಿಡಿ. ಮೀನಿನವಳು ಬುಟ್ಟಿ ಇಳಿಸಿ, "ಏನಮ್ಮ, ಬೂಟಿನಂಗಡಿ ಸಿಕ್ತಾ?" ಅಂತ ಕಣ್ಣು ಹೊಡೆಯೋಳು.

ಬಿಡದೆ ಗತಿಯೂ ಇರಲಿಲ್ಲ. ಆ ಮನೆ ಮೆಟ್ಟಿಲು ನೀವು ಹತ್ತಿಲ್ಲ. ಕಡಿದು, ಕತ್ತಲು, ಸವೆದು ನುಣ್ಣಗಾಗಿವೆ. ಹಿಂದಿನ ವರ್ಷ ಫೊರ್ತೂನಾ ಅಲ್ಲೇ ಜಾರಿದಳು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ವಯಸ್ಸು ನಲವತ್ತರ ಹತ್ತಿರ. ಈ ಸಲ ಮೆಟ್ಟಿಲು ಹತ್ತಿಳಿಯೋ ಹಾಗಿಲ್ಲ ಅಂತ ಡಾಕ್ಟರು ಖಂಡಿತ ಹೇಳಿದ್ದರು. ಊರಾಚೆ ಲಿಫ್ಟ್ ಇರೋ ಮನೆ ಸಿಕ್ಕಿತ್ತು. ಈ ಮನೆಯನ್ನ, ಅವತ್ತು ಬಂದರಿಗೆ ಬಂದಿದ್ದನಲ್ಲ, ಆ ಲಾನ್ಸೆಟ್ಟಾ ಅನ್ನೋನು ಬಂದುಹೋಗೋ ಪ್ರವಾಸಿಗಳಿಗೆ ಬಾಡಿಗೆಗೆ ಕೊಡಿಸ್ತೀನಿ ಅಂದಿದ್ದ. ಇದರ ಬಾಡಿಗೆಯಲ್ಲಿ ಹೊಸ ಮನೆಯ ಬಾಡಿಗೆ ಕಳೆದುಹೋಗುತ್ತೆ. ಲೆಕ್ಕ ಸರಿಯಾಗಿತ್ತು. ಆಕೆಯೊಬ್ಬಳು ಲೆಕ್ಕದಲ್ಲಿರಲಿಲ್ಲ.

ನಮ್ಮ ಊರಿನಲ್ಲಿ ದೆವ್ವಕ್ಕೆ ರಾತ್ರಿಯೇ ಆಗಬೇಕು ಅಂತಿಲ್ಲ. ಮಟಮಟ ಮಧ್ಯಾಹ್ನ, ಊಟ ಮಾಡಿ ಊರೆಲ್ಲ ಕಿಟಕಿ ಮುಚ್ಚಿ ಮಲಗಿರುತ್ತಲ್ಲ, ನಾಯಿ ಕೂಡ ನೆರಳಿಂದ ಏಳೋದಿಲ್ಲವಲ್ಲ... ಆ ಹೊತ್ತು. ಆಗ ಮಕ್ಕಳನ್ನ ಹೊರಗೆ ಬಿಡೋದಿಲ್ಲ.

ಅಂಥ ಒಂದು ಮಧ್ಯಾಹ್ನ ಫೊರ್ತೂನಾ ಬರಿಗಾಲಲ್ಲಿ ನಮ್ಮ ಮನೆಗೆ ಬಂದಳು. ಮುಖ ಸುಣ್ಣ.

"ಅತ್ತಿಗೆ, ಹೊರಗೆ ಬಾ."

"ಈ ಉರಿಬಿಸಿಲಲ್ಲಾ? ತಲೆ ಕೆಟ್ಟಿದೆಯೇನೇ?"

"ಬಾ ಅಂದೆನಲ್ಲ."

ಬೀದಿಯಲ್ಲಿ ನಿಂತು ಹೇಳಿದಳು. ಕಿಟಕಿ ಮುಚ್ಚಿ ಮಲಗಿದ್ದಳಂತೆ. ಅಡುಗೆಮನೆಯಲ್ಲಿ ಯಾರೋ 'ಬಂದ್ಯಾ?' ಅಂದರಂತೆ. ಹೆಂಗಸಿನ ದನಿ. ಅವಳದೇ ದನಿ. ಆಮೇಲೆ ಗಂಡಸಿನದು... 'ಹೂಂ.' ಸಬಾತಿನೊ ಆಗ ಸಮುದ್ರದ ಮೇಲಿದ್ದ.

"ಅವತ್ತು ರಾತ್ರಿ ಬಾವಿ ಹತ್ರ ಆಡಿದ್ದು ಅತ್ತಿಗೆ. ಒಂದಕ್ಷರ ಬಿಡದೆ. 'ಇಲಿಗೆ ಚಮಚ ಯಾಕೋ' ಅಂದಿದ್ದೆ, ಅದೂ ಬಂತು."

"ಬಸುರಿಗೆ ನೂರು ಕನಸು" ಅಂದೆ.

ಅಂದೆ, ಆದರೆ ಮರುದಿನ ಮಧ್ಯಾಹ್ನ ಅವಳ ಜೊತೆ ಹೋಗಿ ಕೂತೆ. ನಾನು ಸುಲಭಕ್ಕೆ ಹೆದರೋಳಲ್ಲ. ಗಂಡನನ್ನೂ ಅತ್ತೆಯನ್ನೂ ಒಂದೇ ವರ್ಷ ಮಣ್ಣು ಮಾಡಿದವಳು. ಅಡುಗೆಮನೆಯಲ್ಲಿ ಇಬ್ಬರೇ. ನಲ್ಲಿ ತೊಟ್... ತೊಟ್... ಅಂತಿತ್ತು. ಗೋಡೆಯ ಮೇಲೆ ಹಲ್ಲಿ. ಎಷ್ಟು ಹೊತ್ತಾಯಿತೋ. ಹಲ್ಲಿ ಇದ್ದಕ್ಕಿದ್ದ ಹಾಗೆ ಸರ್ರನೆ ಹರಿದು ಕಿಟಕಿಯಿಂದ ಆಚೆ ಹೋಯಿತು.

'ಬಂದ್ಯಾ?'

ಬೀರುವಿನ ಹಿಂದಿನಿಂದ. ಫೊರ್ತೂನಾಳ ದನಿ. ಫೊರ್ತೂನಾ ನನ್ನ ಪಕ್ಕದಲ್ಲಿ ಬಾಯಿಗೆ ಕೈಯೊತ್ತಿ ಕೂತಿದ್ದಳು.

ಪೂರಾ ಕೇಳಿದೆ. ಹಬ್ಬ ಆದ್ಮೇಲೆ, ಬೂಟು, ಮೂರು ಜೊತೆ, ಎಲ್ಲ. ಕೊನೆಗೆ ಟಿಣ್. ನನಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ಎದ್ದೆ, ಬೀರುವಿಗೆ ಹೆಗಲು ಕೊಟ್ಟೆ. "ಬೇಡ ಅತ್ತಿಗೆ" ಅಂದಳು. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಇವತ್ತಲ್ಲ ನಾಳೆ ನೋಡಲೇಬೇಕು, ಹಿಡಿ ಆ ಕಡೆ" ಅಂದೆ. ಅವಳು ಮುಟ್ಟಲಿಲ್ಲ. ನಾನೊಬ್ಬಳೇ ತಳ್ಳಿದೆ. ಗ್ರ್ರ್ರ್... ಅಂತ ಸರೀತು.

ಹಿಂದೆ ಗೋಡೆಯಲ್ಲಿ ಒಂದು ಮರದ ಬಾಗಿಲು. ಪುಟ್ಟದು, ಎದೆಯೆತ್ತರಕ್ಕೆ. ಸುಣ್ಣ ಬಳಿದು ಬಳಿದು ಗೋಡೆಯ ಬಣ್ಣವೇ ಆಗಿತ್ತು. ಬಡಿದೆ, ತೆರೆದುಕೊಂಡಿತು. ಮುಖಕ್ಕೆ ತಣ್ಣನೆ ಗಾಳಿ. ಹಳೇ ನೀರಿನ ವಾಸನೆ. ಒಳಗೆ ಒಂದು ರಾಟೆ, ಅದರಲ್ಲಿ ಗೇಣುದ್ದ ಹಗ್ಗ ಕೊಳೆತು ನೇತಾಡ್ತಿತ್ತು. ಬಗ್ಗಿ ನೋಡಿದೆ. ಕೆಳಗೆ, ಕತ್ತಲಿನಲ್ಲಿ ಒಂದು ಕೋಲು ಬೆಳಕು ಬಿದ್ದಿತ್ತು. ಅಂಗಳದ ಚಪ್ಪಡಿಯ ತೂತಿನಿಂದ.

ಆಗ ಹೊಳೆಯಿತು. ಹಿಂದೆ ಪ್ರತಿ ಮಹಡಿಯವರೂ ಅಡುಗೆಮನೆಯಿಂದಲೇ ಕೊಡ ಇಳಿಸಿ ನೀರು ಸೇದುತ್ತಿದ್ದರು. ಅದೇ ಬಾವಿ, ನೆಲದಡಿ ಈ ಮನೆಯ ಕೆಳಗಿನ ತನಕ ಹರಡಿದೆ. ಅದರ ಕೊಳವೆ ಗೋಡೆಯೊಳಗೆ ಮೇಲಿನ ತನಕ ಬಂದಿದೆ. ಅಂಗಳದಲ್ಲಿ ಉಸಿರಿದರೆ ಇಲ್ಲಿ, ಈ ಕುರ್ಚಿಯ ಪಕ್ಕದಲ್ಲಿ ಕೇಳಿಸುತ್ತೆ. ಗೋಡೆಗೂ ಕಿವಿ ಇರುತ್ತೆ ಅಂತ ಎಲ್ಲರೂ ಹೇಳ್ತಾರೆ. ಯಾವ ಗೋಡೆಗೆ ಅಂತ ಯಾರೂ ಹೇಳಲ್ಲ.

"ಅತ್ತಿಗೆ..." ಅಂದಳು ಫೊರ್ತೂನಾ. "ಮನೆ ಒಳಗೆ ಬೇಡ ಅಂತ ಹೊರಗೆ ಹೋಗಿ... ನಾವು ಆಕೆ ಕಿವಿಯೊಳಗೇ ಹೇಳಿದ್ವಿ."

ಆ ಕ್ಷಣಕ್ಕೆ ಒಳಗಿನಿಂದ ಮತ್ತೊಂದು ಮಾತು ಬಂತು. ಇದನ್ನ ಬಾವಿಕಟ್ಟೆಯಲ್ಲಿ ಯಾರೂ ಆಡಿರಲಿಲ್ಲ. ದನಿ ಫೊರ್ತೂನಾಳದೂ ಅಲ್ಲ, ಅವನದೂ ಅಲ್ಲ. ಅವಸರವಿಲ್ಲದ ದನಿ. ಅಂಗಡಿಯವಳು ಗಿರಾಕಿಗೆ ಹೇಳೋ ಹಾಗೆ.

'ಎರಡು ಜೊತೆ ತಗೊಂಡು ಹೋಗಿ. ಒಂದು ಜೊತೆ ಇಲ್ಲಿರಲಿ.'

ನಾನು ಬಾಗಿಲು ದಡಾರನೆ ಮುಚ್ಚಿದೆ. ಸುತ್ತಿಗೆ ತಂದು ಮೊಳೆ ಹೊಡೆದೆ. ಬೀರು ವಾಪಸು ಒತ್ತಿ, ಅದನ್ನೂ ಗೋಡೆಗೆ ಸೇರಿಸಿ ಮೊಳೆ ಹೊಡೆದೆ. ಫೊರ್ತೂನಾ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡು, "ಯಾವ ಜೊತೆ ಅತ್ತಿಗೆ? ಯಾವುದನ್ನ ಕೇಳ್ತಿದಾಳೆ?" ಅಂತ ಅದನ್ನೇ ಕೇಳ್ತಿದ್ದಳು. ಅವಳೂ ನಾನೂ ಯೋಚಿಸಿದ್ದು ಒಂದನ್ನೇ. ಹೋದ ವರ್ಷ ಹೋದದ್ದನ್ನ.

ಸಂಜೆ ಸಬಾತಿನೊನನ್ನ ಮನೆಗೆ ಬಿಡಲಿಲ್ಲ. ಮೂವರೂ ಕೆಳಗೆ ಸಮುದ್ರದ ಕಟ್ಟೆಗೆ ಹೋದೆವು. ಅಲೆ ಬಂಡೆಗೆ ಧಡಾರ್ ಅಂತ ಬಡೀತಿತ್ತು. ಅಲ್ಲಿ ಆಡಿದ ಮಾತು ಪಕ್ಕದವನಿಗೂ ಕೇಳಿಸೋದಿಲ್ಲ. ಎಲ್ಲ ಹೇಳಿದೆವು.

ಅವನು ನಕ್ಕ. "ಎರಡು ಜೊತೆ ಅಂದಳಾ? ರಿಯಾಯಿತಿ ಏನಾದ್ರೂ ಹೇಳಿದ್ಲಾ?"

"ನಗಬೇಡ್ವೋ" ಅಂದೆ. "ನನ್ನ ಈ ಕಿವಿಯಲ್ಲಿ ಕೇಳಿದೀನಿ."

"ಅಕ್ಕ, ಅದು ಗಾಳಿ. ಹಡಗಿನ ಹೊಗೆಕೊಳವೆಯಲ್ಲಿ ನಾನು ದಿನಾ ಕೇಳ್ತೀನಿ. ಒಂದಿನ ನಮ್ಮ ಸತ್ತ ಕಪ್ತಾನ ಬಯ್ತಾನೆ, ಒಂದಿನ ಪಾದ್ರಿ ಹಾಡ್ತಾನೆ."

"ಹಂಗಾದ್ರೆ ಇದ್ದುಬಿಡೋಣ" ಅಂದಳು ಫೊರ್ತೂನಾ. "ನಾನು ಒಂಬತ್ತು ತಿಂಗಳೂ ಮೆಟ್ಟಿಲಿಳಿಯಲ್ಲ. ಬುಟ್ಟಿಗೆ ಹಗ್ಗ ಕಟ್ಟಿ ಎಲ್ಲ ಮೇಲಕ್ಕೆ ತರಿಸ್ಕೋತೀನಿ. ಹೆರಿಗೆಯೂ ಅಲ್ಲೇ ಆಗಲಿ."

ಅವನ ನಗು ಹೋಯಿತು. "ಡಾಕ್ಟರೂ ಬುಟ್ಟೀಲಿ ಬರ್ತಾರಾ? ನಡುರಾತ್ರಿ ಏನಾದ್ರೂ ಆದ್ರೆ ನಿನ್ನ ಹೊತ್ಕೊಂಡು ಆ ಮೆಟ್ಟಿಲಿಳೀಲಾ ನಾನು? ಹೋದ ಸಲ ಇಳಿದಿದೀನಿ. ರಕ್ತದ ಮೇಲೆ ಕಾಲಿಟ್ಟು ಇಳಿದಿದೀನಿ. ಮತ್ತೆ ಇಳಿಯಲ್ಲ." ಸಮುದ್ರದ ಕಡೆ ತಿರುಗಿ ಹೇಳಿದ, "ನನಗೆ ಮಗು ಬೇಕು ಅಷ್ಟೇ. ಆಕೆಗೆ ಏನು ಬೇಕೋ ಅದನ್ನ ನನ್ನ ಕೇಳಲಿ."

ನಾನು ಅವನ ಬಾಯಿಗೆ ಕೈ ಅಡ್ಡ ಇಟ್ಟೆ. "ಹೋಗೋದಾದ್ರೆ ಹೋಗು. ಬಾಯಿ ಬಿಡದೆ ಹೋಗು. ಬಾಯಿ ಬಿಟ್ಟರೆ ಬಣ್ಣಗೇಡು."

"ಆಯ್ತು ಅಕ್ಕ" ಅಂದ. ಮಾತು ಕೊಟ್ಟ.

ಹಬ್ಬಕ್ಕೆ ಇನ್ನೇನು ವಾರವಿದೆ ಅನ್ನುವಾಗ ಆ ಲಾನ್ಸೆಟ್ಟಾ ಬಂದ. ಅದೂ ಮಧ್ಯಾಹ್ನ. ಆ ಹೊತ್ತಿನಲ್ಲಿ ಸಭ್ಯಸ್ಥರು ಯಾರ ಮನೆಗೂ ಹೋಗೋದಿಲ್ಲ. ಹುಟ್ಟಿದ್ದು ಇದೇ ಊರು, ಆದರೂ ಮಾತು ನಡೆ ಎಲ್ಲ ಪರದೇಶದವನದು. ಸೆಂಟು ಹೊಡಕೊಂಡು, ಬಿಳಿ ಪ್ಯಾಂಟು ಹಾಕ್ಕೊಂಡು ಕೋಣೆ ಕೋಣೆಯ ಫೋಟೋ ತೆಗೆದ. ನಾನು ನಮ್ಮ ಬಾಲ್ಕನಿಯಿಂದ ನೋಡ್ತಿದ್ದೆ. ಅವರ ಅಡುಗೆಮನೆ ಕಿಟಕಿ ತೆರೆದಿತ್ತು, ಪ್ರತಿ ಮಾತೂ ಕೇಳಿಸ್ತಿತ್ತು.

"ಸರಿ, ಖಾಲಿ ಮಾಡೋದು ಯಾವತ್ತು?" ಅಂದ, ಗಟ್ಟಿಯಾಗಿ.

ಫೊರ್ತೂನಾ ಬೆದರಿದಳು. "ಬೂಟು... ಬೂಟು ಕೊಂಡಮೇಲೆ."

"ಏನು ಬೂಟಮ್ಮ? ನಾನು ಮನೆ ಕೇಳ್ತಿದೀನಿ. ಯಾವತ್ತು ಹೋಗ್ತೀರಿ?"

"ಮೆತ್ತಗೆ ಮಾತಾಡಿ ಸ್ವಾಮಿ" ಅಂದ ಸಬಾತಿನೊ.

"ಯಾಕೆ, ಮಗು ಮಲಗಿದೆಯಾ?" ನಕ್ಕ. ಆಮೇಲೆ ಬೀರುವಿನ ಪಕ್ಕದ ಕುರ್ಚಿಯನ್ನ ಕಾಲಲ್ಲಿ ತಳ್ಳಿದ. ಕುರ್ಚಿ ನೆಲಕ್ಕೆ ಬಿತ್ತು. "ಈ ಹಾಳು ಕುರ್ಚಿ ಮೊದಲು ಎಸೀರಿ. ನೋಡಿ, ನೀವು ಹೋಗೋದು ಖಂಡಿತಾನಾ ಇಲ್ವಾ? ಅಷ್ಟು ಹೇಳಿ ಸಾಕು. ಬೇರೆ ಮನೆಗಳು ಬೇಕಾದಷ್ಟಿವೆ ನನಗೆ."

ಬೀರುವಿನ ಹಿಂದಿನಿಂದ... ಟಿಣ್.

ಮೂವರಿಗೂ ಕೇಳಿಸಿತು. ಬೀದಿಯಾಚೆ ಕೂತ ನನಗೇ ಕೇಳಿಸಿತು ಅಂದಮೇಲೆ. ಫೊರ್ತೂನಾ ಚಿಟ್ಟನೆ ಚೀರಿ ಹೊಟ್ಟೆ ಹಿಡಿದು ನೆಲಕ್ಕೆ ಕೂತಳು. ಅವಳು ಹಾಗೆ ಕೂತದ್ದನ್ನ ನೋಡಿ ಸಬಾತಿನೊಗೆ ಏನಾಯಿತೋ. ಬೀರುವಿನ ಎದುರು ನಿಂತು, ಬಂದರಿನಲ್ಲಿ ಹಡಗಿನಿಂದ ದಡಕ್ಕೆ ಕೂಗುವ ದನಿ ಇತ್ತಲ್ಲ ಅವನದು, ಆ ದನಿ ತೆಗೆದು ಕೂಗಿದ.

"ಹೋಗ್ತೀವಿ! ಕೇಳಿಸ್ತಾ? ಈ ಮನೆ ಬಿಟ್ಟು ಹೋಗ್ತೀವಿ! ಮೂರಕ್ಕೆ ಮೂರೂ ಹೋಗ್ತೀವಿ! ಏನು ಮಾಡ್ಕೋತೀಯೋ ಮಾಡ್ಕೊ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಲಗಿದ್ದ ಕೇರಿ ಎದ್ದಿತು. ಎದ್ದು ಏನು ಮಾಡಿತು ಗೊತ್ತಾ? ಒಬ್ಬರೂ ಏನಾಯ್ತು ಅಂತ ಕೇಳಲಿಲ್ಲ. ಓರೆ ಮಾಡಿದ್ದ ಕಿಟಕಿಗಳು ಒಂದೊಂದೇ ಮುಚ್ಚಿಕೊಂಡವು. ಟಪ್... ಟಪ್... ಟಪ್... ಮೇಲಿನಿಂದ ಕೆಳಗಿನ ತನಕ. ಅವತ್ತಿನಿಂದ ಮೀನಿನವಳೂ ಆ ಬಾಗಿಲಲ್ಲಿ ಬುಟ್ಟಿ ಇಳಿಸಲಿಲ್ಲ. ನಮ್ಮ ಜನ ಒಳ್ಳೆಯವರು ಅಂತ ನಾನು ಯಾವತ್ತೂ ಹೇಳಿಲ್ಲ.

ಮನೆ ಬಿಟ್ಟ ದಿನ. ಬೆಳಿಗ್ಗೆಯೇ ಬರ್ತೀನಿ ಅಂದ ವ್ಯಾನಿನವನು ಬಂದದ್ದು ಊಟದ ಹೊತ್ತಿಗೆ. ಫೊರ್ತೂನಾಳನ್ನ ಮೊದಲು ಇಳಿಸಿದೆವು. ಸಬಾತಿನೊ ಒಂದು ಕಡೆ, ನಾನೊಂದು ಕಡೆ, ಒಂದೊಂದೇ ಮೆಟ್ಟಿಲು. ಕೆಳಗೆ ರಸ್ತೆಯಲ್ಲಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಹಾಸಿಗೆ, ಪಾತ್ರೆ, ಹೊಲಿಗೆಯಂತ್ರ ಎಲ್ಲ ಇಳೀತು. ನಾನು ಸುಸ್ತಾಗಿ ಮನೆಗೆ ಬಂದು ಕಾಫಿ ಒಲೆ ಮೇಲಿಟ್ಟು ಬಾಲ್ಕನಿಗೆ ಬಂದೆ. ಅವನು ಬೀಗ ಹಾಕೋದೊಂದೇ ಬಾಕಿ.

ಕಿಟಕಿಯಿಂದ ಕಾಣ್ತಿದ್ದ. ಖಾಲಿ ಅಡುಗೆಮನೆ. ಗೋಡೆಗೆ ಮೊಳೆ ಹೊಡೆದ ಬೀರು, ಪಕ್ಕದಲ್ಲಿ ಕುರ್ಚಿ. ಅವನೇ ಎತ್ತಿ ನಿಲ್ಲಿಸಿದ್ದ. ಟೋಪಿ ತೆಗೆದು ಕುರ್ಚಿಯ ಎದುರು ನಿಂತ. ತುಟಿ ಆಡ್ತಿತ್ತು. ಏನೋ ಬೇಡಿಕೊಳ್ತಿದ್ದ. ಸ್ವಲ್ಪ ಹೊತ್ತು. ಆಮೇಲೆ ತಲೆ ಆಡಿಸಿದ... ಯಾರೋ ಏನೋ ಕೇಳಿದರು, ಇವನು ಆಗಲಿ ಅಂದ, ಹಾಗೆ. ಆಮೇಲೆ ನಿಧಾನವಾಗಿ ಆ ಕುರ್ಚಿಯ ಮೇಲೆ ಕೂತ. ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿದ.

"ಲೋ! ಅಲ್ಲಿ ಕೂರಬೇಡ್ವೋ!" ಅಂದೆ.

ತಲೆ ಎತ್ತಿ ನನ್ನ ನೋಡಿದ. ಅಷ್ಟರಲ್ಲಿ ಹಿಂದೆ ಕಾಫಿ ಬುಸ್ಸ್ ಅಂತ ಉಕ್ಕಿತು. ತಿರುಗಿ, ಒಲೆ ಆರಿಸಿ ಬಂದೆ, ಅಷ್ಟೇ.

ಕುರ್ಚಿ ಖಾಲಿ.

ಆ ಮನೆಯ ಬಾಗಿಲು ತೆರೆದರೆ ಕೀಚ್ ಅಂತ ಕೇರಿಗೆಲ್ಲ ಕೇಳಿಸುತ್ತೆ. ರಕೇಲತ್ತೆ ಎಣ್ಣೆ ಹಾಕೋಕೆ ಬಿಡ್ತಿರಲಿಲ್ಲ. ಅದು ಕೂಗಲಿಲ್ಲ. ನಾನು ಕಾದೆ. ಕೆಳಗೆ ವ್ಯಾನಿನ ಹಾರ್ನು. ಮತ್ತೆ ಹಾರ್ನು. ಫೊರ್ತೂನಾ ಕೂಗಿದಳು, "ಸಬಾತೀ...!"

ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಲಾನ್ಸೆಟ್ಟಾನೇ ಆಳು ಕರೆಸಿ ಒಡೆಸಿದ. ಬೀರು ಇದ್ದಲ್ಲೇ ಇತ್ತು, ಮೊಳೆ ಹೊಡೆದದ್ದು ಹೊಡೆದ ಹಾಗೇ. ಕುರ್ಚಿಯ ಮುಂದೆ ಅವನ ಬೂಟು. ಒಂದು ಜೊತೆ. ಪಕ್ಕಪಕ್ಕ. ಲೇಸು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಆ ಗಂಟು ಬಿಚ್ಚದೆ ಆ ಬೂಟಿನಿಂದ ಕಾಲು ಹೊರಗೆ ಬರೋದಿಲ್ಲ ಅಂತ ಕೇರಿಯ ಮಕ್ಕಳಿಗೂ ಗೊತ್ತು.

ಪೊಲೀಸರು ಬಂದರು. ಚಪ್ಪಡಿ ಎತ್ತಿಸಿ ಬಾವಿಗೆ ಆಳು ಇಳಿಸಿದರು. ಒಣ ಮಣ್ಣು, ಒಂದು ತಗಡಿನ ಲೋಟ. ಮತ್ತೇನಿಲ್ಲ. ಅವನಿಗೆ ಯಾವುದೋ ದ್ವೀಪದಲ್ಲಿ ಇನ್ನೊಬ್ಬಳಿದ್ದಳು, ಹೆಂಡತಿ ಬಸುರಿಯಾದ ಕೂಡಲೇ ಓಡಿಹೋದ ಅಂತ ಕೇರಿ ತೀರ್ಪು ಕೊಟ್ಟಿತು. ಬರಿಗಾಲಲ್ಲಿ ಓಡಿಹೋದನಂತೆ! ಚಿಲಕ ಒಳಗಿನಿಂದ ಹಾಕಿ! ಫೊರ್ತೂನಾ ಎದುರೇ ಹೀಗೆ ಆಡಿಕೊಂಡರು. ನಾನು ಆ ಬಾಯಿಗಳನ್ನ ಇವತ್ತಿಗೂ ಕ್ಷಮಿಸಿಲ್ಲ. ಇದೇ ಮೆಟ್ಟಿಲ ಮೇಲೆ ಕೂತೇ ಹೇಳ್ತಿದೀನಿ, ಕೇಳಿಸಿಕೊಳ್ಳೋರು ಕೇಳಿಸಿಕೊಳ್ಳಲಿ.

ಹೊಸ ಮನೆಯಲ್ಲಿ ಮಗು ಹುಟ್ಟಿತು. ಹೆಣ್ಣು. ಲುಚಿಯಾ ಅಂತ ಹೆಸರಿಟ್ಟಳು. ಗುಂಡುಗುಂಡಾಗಿ, ಅಪ್ಪನ ಹುಬ್ಬು ಹೊತ್ತು ಬಂದಿತ್ತು. ಎರಡು ಜೊತೆ ಹೋಯಿತು, ಒಂದು ಜೊತೆ ಉಳಿಯಿತು, ಲೆಕ್ಕ ಮುಗಿಯಿತು ಅಂದುಕೊಂಡೆವು. ಅವನು ಆ ಕುರ್ಚಿಯ ಮುಂದೆ ಏನು ಒಪ್ಪಿಕೊಂಡ ಅಂತ ನನಗೂ ಗೊತ್ತು, ಫೊರ್ತೂನಾಗೂ ಗೊತ್ತು. ನಾವಿಬ್ಬರೂ ಅದನ್ನ ಬಾಯಿಬಿಟ್ಟು ಆಡಿಲ್ಲ.

ಫೊರ್ತೂನಾ ಈ ಕಡೆ ತಲೆ ಹಾಕ್ತಿರಲಿಲ್ಲ. ಮಗುವಿಗೆ ನಾಲ್ಕಾದಾಗ ನಾನೇ ಒತ್ತಾಯ ಮಾಡಿ ಸರಪಳಿ ಮಾತೆಯ ಹಬ್ಬಕ್ಕೆ ಕರೆಸಿದೆ. ಬೆಳಿಗ್ಗೆ ಬರುವಾಗ ದಾರಿಯಲ್ಲಿ ಮಗುವಿಗೆ ಕೆಂಪು ಸ್ಯಾಂಡಲ್ಸ್ ಕೊಡಿಸಿದ್ದಳು. ಲುಚಿಯಾ ಅದನ್ನ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ಊಟ ಆಯಿತು. ಕಿಟಕಿ ಮುಚ್ಚಿದೆವು. ನಮಗಿಬ್ಬರಿಗೂ ಕಣ್ಣು ಹತ್ತಿತು.

ಗಡಗಡಗಡ... ಯಾರೋ ಪ್ರವಾಸಿಗಳು ಪೆಟ್ಟಿಗೆ ಎಳೆದುಕೊಂಡು ಹೋದ ಸದ್ದಿಗೆ ಎಚ್ಚರವಾಯಿತು. ಮಗು ಇಲ್ಲ. ಬಾಗಿಲು ಓರೆ. ಬಿದ್ದು ಎದ್ದು ಓಡಿದೆವು. ಆ ಪೆಟ್ಟಿಗೆಯವರು ಎದುರಿನ ಗೇಟನ್ನ ತೆರೆದೇ ಬಿಟ್ಟು ಮೇಲೆ ಹೋಗಿದ್ದರು. ಅಂಗಳದಲ್ಲಿ ಬಿಸಿಲು ಬಿಳಿಚಿಕೊಂಡಿತ್ತು. ಲುಚಿಯಾ ಚಪ್ಪಡಿಯ ಮೇಲೆ ಬೋರಲಾಗಿ ಮಲಗಿ, ತೂತಿಗೆ ಕಿವಿ ಕೊಟ್ಟಿದ್ದಳು.

ಫೊರ್ತೂನಾ ಎಳೆದೆತ್ತಿಕೊಂಡಳು.

"ಅಮ್ಮಾ, ಒಳಗೆ ಒಬ್ಬರು ಮಾಮ ಇದಾರೆ."

ಫೊರ್ತೂನಾ ಮಗುವನ್ನ ಎದೆಗೆ ಅವುಚಿಕೊಂಡಳು.

"ಬೂಟು ಕೊಳ್ಳೋಣ ಅಂದ್ರು. ನಿನ್ನ ಕಾಲಿನ ಅಳತೆ ಎಷ್ಟು ಅಂತ ಕೇಳಿದ್ರು."

ಆ ಮಾತು ಮಗುವಿಗೆ ಗೊತ್ತಿರಲಿಲ್ಲ. ನಾವಾರೂ ಹೇಳಿರಲಿಲ್ಲ. ಫೊರ್ತೂನಾಳ ದನಿ ಪಿಸುಮಾತಿಗಿಂತ ಕೆಳಗಿತ್ತು.

"ನೀನು ಹೇಳಿದ್ಯಾ?"

"ಹೂಂ. ಇಪ್ಪತ್ತೇಳು ಅಂದೆ. ಅಂಗಡಿಯವರು ಅಂದ್ರಲ್ಲ."

ಅಲ್ಲೇ ಮಗುವಿನ ಸ್ಯಾಂಡಲ್ಸ್ ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಮಗುವನ್ನ ಹೊತ್ತು, ಹಿಂದೆ ತಿರುಗದೆ ಇಳಿದು ಹೋದಳು. ಮತ್ತೆ ಬಂದಿಲ್ಲ. ಮಗು ಚೆನ್ನಾಗಿದೆ. ನಾನು ವಾರಕ್ಕೊಮ್ಮೆ ಫೋನ್ ಮಾಡ್ತೀನಿ. ಸಮುದ್ರದ ಕಟ್ಟೆಗೆ ಹೋಗಿ ಮಾಡ್ತೀನಿ, ಮನೆಯಿಂದ ಮಾಡೋದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ನಿಮ್ಮನ್ನ ಕೂರಿಸಿಕೊಂಡು ಹೇಳ್ತಿರಲಿಲ್ಲ. ನಗಬೇಡಿ. ಸರಪಳಿ ಮಾತೆಯ ಆಣೆ, ಕಣ್ಣಾರೆ ಕಂಡದ್ದು.

ಇದಾದ ಮಾರನೇ ದಿನ. ಬೆಳಿಗ್ಗೆ ನಾನು ಬಟ್ಟೆ ಹರವುತ್ತಿದ್ದೆ. ಎದುರು ಮೂರನೇ ಮಹಡಿಗೆ ಬಂದಿದ್ದ ಆ ಪ್ರವಾಸಿ ಹೆಂಗಸು ಅಡುಗೆಮನೆ ಕಿಟಕಿಗೆ ಬಂದು ನನ್ನ ಕರೆದಳು. ಭಾಷೆ ಬಾರದು, ಕೈಸನ್ನೆ. ಕೈಯಲ್ಲಿ ಒಂದು ಜೊತೆ ಬೂಟು. ಕರೀದು, ಪುಟ್ಟದು, ಹೊಚ್ಚಹೊಸದು. ಹಿಂದೆ ತಿರುಗಿ ಬೀರುವಿನ ಪಕ್ಕದ ಕುರ್ಚಿ ತೋರಿಸಿದಳು, ಅದರ ಮುಂದೆ ಇತ್ತು ಅಂತ. ನಿಮ್ಮದಾ ಅನ್ನೋ ಹಾಗೆ ಹುಬ್ಬು ಹಾರಿಸಿದಳು. ಬೂಟು ತಲೆಕೆಳಗು ಮಾಡಿ ಅಟ್ಟೆ ತೋರಿಸಿದಳು. ಬೀದಿ ಇಷ್ಟೇ ಅಗಲ ಅಂದೆನಲ್ಲ, ಅಂಕಿ ಚೆನ್ನಾಗಿ ಕಂಡಿತು. ಇಪ್ಪತ್ತೇಳು.

ಆಮೇಲೆ ಅವಳು ಲೇಸು ಬಿಚ್ಚೋಕೆ ಹೋದಳು. ಉಗುರು ಹಾಕಿದಳು, ಹಲ್ಲು ಹಾಕಿದಳು. ಆಗಲಿಲ್ಲ. ನನ್ನ ಕಡೆ ನೋಡಿ ನಕ್ಕು, ಎರಡು ಬೆರಳು ಕೂಡಿಸಿ ಅಗಲಿಸಿ ತೋರಿಸಿದಳು. ಕತ್ತರಿ ಇದೆಯಾ ಅಂತ.